ನೈನಿತಾಲ್ ಹರಕೆ

ಸುಧಾಕರನಿಗೆ ಗುಟ್ಟು ಹೇಳಲು ಬರುವುದಿಲ್ಲ. ಇದು ಸ್ವಭಾವದ ದೋಷವಲ್ಲ, ಕಸುಬಿನ ದೋಷ. ವಾಮದಪದವಿನ ಜಂಕ್ಷನ್ನಿನಲ್ಲಿ ಅವನಿಗೊಂದು ಹಿಟ್ಟಿನ ಗಿರಣಿ ಇದೆ. ಬೆಳಗಿನಿಂದ ಸಂಜೆಯವರೆಗೆ ಆ ಯಂತ್ರದ ಬೊಬ್ಬೆಗೆ ಎದುರಾಗಿ ಮಾತಾಡಿ ಮಾತಾಡಿ, ಈಗ ಅವನು ಪಿಸುಗುಟ್ಟಿದರೂ ಅದು ಬೇರೆಯವರು ಗಡಿ ತಕರಾರಿಗೆ ನಿಂತಾಗಿನ ದನಿಯಲ್ಲಿ ಹೊರಗೆ ಬರುತ್ತದೆ. ಗಂಡ ಏನೋ ಗುಟ್ಟು ಹೇಳಲಿದ್ದಾನೆ ಎಂದು ಅನುಮಾನ ಬಂದರೆ ಹೆಂಡತಿ ಜಲಜಾಕ್ಷಿ ಮೊದಲು ಕಿಟಕಿಗಳನ್ನು ಮುಚ್ಚಿ ಬರುತ್ತಾಳೆ.

ಇಂಥ ಮನುಷ್ಯ ಚೌತಿಯ ಮರುದಿನ ಕಕ್ಕಿಂಜೆಯಲ್ಲಿ, ಜಲಜಾಕ್ಷಿಯ ತಂಗಿ ದಮಯಂತಿಯ ಮನೆಯಲ್ಲಿ ಊಟಕ್ಕೆ ಕುಳಿತು, ದಮಯಂತಿಯ ಗಂಡ ವಸಂತನ ಕಿವಿಯಲ್ಲಿ ಒಂದು ಮಾತು ಹೇಳಿದ. ಮುಂದೆ ಆದದ್ದಕ್ಕೆಲ್ಲ ಆ ಮಾತೇ ಕಾರಣ.

ತಪ್ಪು ವಸಂತನದ್ದೂ ಇತ್ತು. ಅವನು ಊಟಿಗೆ ಹೋಗಿ ಬಂದಿದ್ದ. ಹೋಗಿ ಬಂದವನು ಸುಮ್ಮನಿರಬೇಕಿತ್ತು. ಅದು ಬಿಟ್ಟು ಪಂಕ್ತಿಯಲ್ಲಿ ಕುಳಿತ ಒಬ್ಬೊಬ್ಬರ ಎಲೆಯ ಮುಂದೂ ಮೊಬೈಲು ಹಿಡಿದು ಫೋಟೋ ತೋರಿಸತೊಡಗಿದ. ಸಾರು ಬಂತು, ಹುಳಿ ಬಂತು, ಊಟಿ ಮುಗಿಯಲಿಲ್ಲ.

"ಇದು ಗಾರ್ಡನ್ ಭಾವ. ಇದೂ ಅದೇ ಗಾರ್ಡನ್, ಆದರೆ ಆ ಕಡೆಯಿಂದ ತೆಗೆದದ್ದು. ಇದರಲ್ಲಿ ಮಂಜು ಬಂದು ಏನೂ ಕಾಣುವುದಿಲ್ಲ, ಆದರೆ ಹಿಂದೆ ಗುಡ್ಡ ಉಂಟು."

ಏನೂ ಕಾಣದ ಫೋಟೋವನ್ನು ಸುಧಾಕರ ಪಾಯಸ ಆರುವವರೆಗೆ ನೋಡಿದ. ಆಮೇಲೆ ಅವನ ತಾಳ್ಮೆ ಮುಗಿಯಿತು. ಅವನ ಗಿರಣಿಯ ಗೋಡೆಯಲ್ಲಿ ಒಂದು ಕ್ಯಾಲೆಂಡರು ಇದೆ. ಮೂಡುಬಿದಿರೆಯಲ್ಲಿ ಟೂರು ಕರೆದೊಯ್ಯುವ ಇಬ್ರಾಹಿಂ ಖಲೀಲ್ ಹಂಚಿದ್ದು. ಅದರಲ್ಲಿ ಒಂದು ಸರೋವರ, ಸರೋವರದಲ್ಲಿ ದೋಣಿ, ದಂಡೆಯಲ್ಲಿ ಹಳದಿ ಎಲೆಯ ಮರ, ಕೆಳಗೆ 'ನೈನಿತಾಲ್: ಸರೋವರ ತೀರದ ಪುಟ್ಟ ನಗರ, ಶರತ್ಕಾಲದ ವಿಶೇಷ ಪ್ರವಾಸ' ಎಂದು ಬರಹ. ನಮ್ಮಲ್ಲಿ ಶರತ್ಕಾಲ ಶಾಲೆಯ ಪುಸ್ತಕದಲ್ಲಿ ಮಾತ್ರ ಬರುತ್ತದೆ. ಹೊರಗೆ ಬರುವುದು ಮಳೆ ನಿಂತಿತೋ ಇಲ್ಲವೋ ಎಂಬ ಅನುಮಾನದ ಎರಡು ತಿಂಗಳು. ಆದರೂ ಆ ಬರಹ ಸುಧಾಕರನಿಗೆ ಬಾಯಿಪಾಠವಾಗಿತ್ತು. ಅವನು ವಸಂತನ ಕಡೆ ಬಾಗಿ, ಅವನೊಬ್ಬನಿಗೇ ಕೇಳುವಂತೆ ಎಂದುಕೊಂಡು, ಹೇಳಿದ:

"ಊಟಿ ಏನು ಭಾವ, ಮಕ್ಕಳೂ ಹೋಗ್ತಾರೆ. ನಾವು ಈ ಸಲ ನೈನಿತಾಲಿಗೆ ಹೋಗುವುದು."

ಪಂಕ್ತಿಯಲ್ಲಿ ಬಡಿಸುತ್ತಿದ್ದವರು ನಿಂತರು. ಅಡುಗೆಮನೆಯಿಂದ ಮೂವರು ಹೆಂಗಸರು ಹೊರಗೆ ಬಂದರು. ರಸ್ತೆಯಲ್ಲಿ ಚಾರ್ಮಾಡಿ ಕಡೆಗೆ ಹೋಗುತ್ತಿದ್ದ ಒಬ್ಬ ಬೈಕಿನವನು ಕೂಡ ವೇಗ ಕಡಿಮೆ ಮಾಡಿದ ಎಂದು ಆಮೇಲೆ ಹೇಳಿದವರಿದ್ದಾರೆ.

"ಹೌದಾ ಅಕ್ಕ?" ಎಂದು ದಮಯಂತಿ ಜಲಜಾಕ್ಷಿಯನ್ನು ಕೇಳಿದಳು.

ಜಲಜಾಕ್ಷಿ ನೈನಿತಾಲಿನ ಹೆಸರು ಕೇಳಿದ್ದು ಅದೇ ಮೊದಲು. ಆದರೆ ತವರಿನವರೆಲ್ಲ ಕೂತ ಪಂಕ್ತಿಯಲ್ಲಿ ಗಂಡನ ಮರ್ಯಾದೆ ಹೋಗಬಾರದಲ್ಲ. "ಹೌದು, ಹೋಗುವುದು ಅಂತ ಉಂಟು," ಎಂದು ನಕ್ಕಳು.

ಆ ನಗು ಸುಧಾಕರನನ್ನು ಹಾಳುಮಾಡಿತು. ಮದುವೆಯಾದಂದಿನಿಂದ ಹೆಂಡತಿಯನ್ನು ಧರ್ಮಸ್ಥಳ, ಕಟೀಲು ಬಿಟ್ಟು ಬೇರೆಲ್ಲಿಗೂ ಕರೆದೊಯ್ದದ್ದಿಲ್ಲ. ಪಾಪ, ಇಷ್ಟು ವರ್ಷ ಬಾಯಿಬಿಟ್ಟು ಕೇಳದೆ ಆಸೆ ಇಟ್ಟುಕೊಂಡಿದ್ದಾಳೆ ಎಂದು ಅವನಿಗೆ ಖಾತ್ರಿಯಾಯಿತು. ಇನ್ನು ಹಿಂದೆ ಸರಿಯುವಂತಿರಲಿಲ್ಲ.

"ಹಾಗಾದರೆ ನಾವೂ ಬರುತ್ತೇವೆ," ಎಂದ ವಸಂತ. ಸೋಲೊಪ್ಪುವ ಜಾತಿಯವನಲ್ಲ ಅವನು.

ಇಲ್ಲಿ ಒಂದು ವಿಷಯ ಓದುಗರಿಗೆ ಹೇಳಿಬಿಡುವುದು ಒಳ್ಳೆಯದು. ಅಷ್ಟು ದೂರ ಹೋಗುವುದು ವಿಮಾನದಲ್ಲಿ, ಸುಧಾಕರನಿಗೋ ವಿಮಾನವೆಂದರೆ ಜೀವಭಯ. ಹತ್ತಿ ಗೊತ್ತಿರಲಿಲ್ಲ, ಹೆದರಿಕೆ ಮಾತ್ರ ಮೊದಲೇ ಬಂದಿತ್ತು. ಒಮ್ಮೆ ಬಂಟ್ವಾಳದ ಜಾತ್ರೆಯಲ್ಲಿ ತೊಟ್ಟಿಲ ಚಕ್ರ ಹತ್ತಿ, ಅದು ಅರ್ಧಕ್ಕೆ ಏರುವಾಗಲೇ "ನಿಲ್ಲಿಸಿ!" ಎಂದು ಕೂಗಿದ್ದ. ಅವನ ದನಿಗೆ ಆ ಚಕ್ರ ಮಾತ್ರವಲ್ಲ, ಪಕ್ಕದ ಕುದುರೆ ಆಟವೂ ನಿಂತಿತ್ತು.

ಮರುದಿನ ಗಿರಣಿಗೆ ಅಕ್ಕಿ ತಂದವರಿಗಿಂತ ಪ್ರಶ್ನೆ ತಂದವರೇ ಹೆಚ್ಚು. "ಅಲ್ಲಿ ಕುಚ್ಚಲಕ್ಕಿ ಸಿಗ್ತದಾ?" "ಅಲ್ಲಿ ಚಳಿಗೆ ಮೀಸೆ ಗಟ್ಟಿಯಾಗ್ತದಂತೆ, ಹೌದಾ?" ಹಾಲಿನ ಸೊಸೈಟಿಯ ಕಾರ್ಯದರ್ಶಿ ಶೇಷಪ್ಪ ಕೆಲಸದ ಸಮಯದಲ್ಲೇ ಕಚೇರಿಗೆ ಬೀಗ ಹಾಕಿ ಬಂದರು. ಅವರು ಸರಕಾರದ ಸುತ್ತೋಲೆಯ ಭಾಷೆಯಲ್ಲೇ ಮಾತಾಡುವವರು.

"ಸುಧಾಕರ, ಸದ್ರಿ ಊರಿನಲ್ಲಿ ನೋಡತಕ್ಕದ್ದು ಏನು?"

"ಕೆರೆ."

"ಕೆರೆ ನೋಡಲಿಕ್ಕೆ ಅಷ್ಟು ದೂರ ಯಾಕೆ ಮಾರಾಯ? ಮೂಡುಬಿದಿರೆಯಲ್ಲಿ ಬೇಕಾದಷ್ಟು ಕೆರೆ ಉಂಟು. ಸಿದ್ದಕಟ್ಟೆ ಮೇಲಾಗಿ ಹೋಗುವ ಬಸ್ಸೂ ಉಂಟು."

ಸುಧಾಕರನಿಗೆ ಇದು ಬಹಳ ಸರಿಯಾಗಿ ಕಂಡಿತು. ಆದರೆ ಹಾಗೆಂದು ಒಪ್ಪುವುದು ಹೇಗೆ? "ಆ ಕೆರೆ ಬೇರೆ, ಈ ಕೆರೆ ಬೇರೆ," ಎಂದ.

"ನೀರು ಒಂದೇ ಅಲ್ಲವಾ?" ಎಂದು ಶೇಷಪ್ಪ ಕೇಳಿದ್ದಕ್ಕೆ ಅವನು ಗಿರಣಿ ಚಾಲೂ ಮಾಡಿದ.

ಆಗಲೂ ಒಂದು ದಾರಿ ಇತ್ತು. ನಾಲ್ಕು ದಿನ ಬಿಟ್ಟು ಸೊಂಟನೋವು ಬಂತೆಂದು ಹೇಳಬಹುದಿತ್ತು. ಆ ದಾರಿಯನ್ನು ಮುಚ್ಚಿದವನು ಯುವಕ ಮಂಡಲದ ಅಧ್ಯಕ್ಷ ಮನ್ವಿತ್. ನಮ್ಮ ಕಡೆ ಯಾರಾದರೂ ಪಾಸಾದರೆ ಫ್ಲೆಕ್ಸ್, ಗೆದ್ದರೆ ಫ್ಲೆಕ್ಸ್, ಸೋತರೆ ಸಹಕರಿಸಿದವರಿಗೆಲ್ಲ ಕೃತಜ್ಞತೆಯ ಫ್ಲೆಕ್ಸ್. ಒಂದು ಬೆಳಿಗ್ಗೆ ಗಿರಣಿಯ ಎದುರೇ ಹತ್ತಡಿ ಉದ್ದದ ಫ್ಲೆಕ್ಸ್ ಎದ್ದು ನಿಂತಿತ್ತು. 'ನೈನಿತಾಲ್ ಪ್ರವಾಸ ಕೈಗೊಳ್ಳಲಿರುವ ಊರ ಹೆಮ್ಮೆಯ ಸುಧಾಕರ ದಂಪತಿಗಳಿಗೆ ಶುಭ ಹಾರೈಕೆಗಳು.' ಹಿಂದೆ ಹಿಮದ ಬೆಟ್ಟ. ಮುಂದೆ ಯಾರೋ ವಿದೇಶದವನ ಚಳಿಯಂಗಿಯ ಮೇಲೆ ಸುಧಾಕರನ ತಲೆ. ಆ ತಲೆಯನ್ನು ಮದುವೆಯ ಫೋಟೋದಿಂದ ತೆಗೆದದ್ದರಿಂದ ಬಾಸಿಂಗವೂ ಬಂದಿತ್ತು. ಕೆಳಗೆ ಹಾರೈಸುವವರದ್ದು ಇಪ್ಪತ್ತೆರಡು ಮುಖ.

"ಹೇಗೆ ಉಂಟು ಸುಧಾಕರಣ್ಣ?" ಎಂದು ಮನ್ವಿತ್ ಕೇಳಿದ.

"ಲಾಯ್ಕ್ ಉಂಟು," ಎಂದ ಸುಧಾಕರ. ಬಾಸಿಂಗ ಕಟ್ಟಿ ಹಿಮದಲ್ಲಿ ನಿಂತ ತನ್ನನ್ನು ನೋಡಿದ ಮೇಲೆ ಇನ್ನು ಸೊಂಟನೋವಿನ ದಾರಿಯೂ ಇಲ್ಲ ಎಂದು ಅವನಿಗೆ ಗೊತ್ತಾಯಿತು. ಅದೇ ದಿನ ಮೂಡುಬಿದಿರೆಗೆ ಹೋಗಿ ಖಲೀಲನ ಅಂಗಡಿಯಲ್ಲಿ ಐದು ಸೀಟು ಹೇಳಿ ಬಂದ. ಅವನು, ಜಲಜಾಕ್ಷಿ, ಕಾಲೇಜಿಗೆ ಹೋಗುವ ಮಗಳು ಪ್ರಾಪ್ತಿ, ವಸಂತ ಮತ್ತು ದಮಯಂತಿ. "ಇಪ್ಪತ್ತು ಜನ ಆದರೆ ಸಾಕು ಸುಧಾಕರಣ್ಣ, ಹಾರುವುದೇ!" ಎಂದ ಖಲೀಲ್. ಹಾರುವುದು ಎಂಬ ಮಾತು ಕೇಳಿ ಸುಧಾಕರ ಅಲ್ಲೇ ಒಂದು ಲೋಟ ನೀರು ಕೇಳಿ ಕುಡಿದ.

ವಿಮಾನ ಇಳಿದು ಮುಂದೆ ನೈನಿತಾಲಿಗೆ ಹೋಗುವುದು ಘಾಟಿಯ ರಸ್ತೆಯಲ್ಲಿ ಎಂದು ತಿಳಿದ ಮೇಲೆ ವಸಂತ ಒಂದು ಉಪಾಯ ತೆಗೆದ. "ಮೊದಲೇ ಅಭ್ಯಾಸ ಮಾಡುವ. ಚಾರ್ಮಾಡಿ ಘಾಟಿ ನನ್ನ ಮನೆ ಬಾಗಿಲಲ್ಲೇ ಉಂಟಲ್ಲ. ಒಂದು ಸಲ ಮೇಲೆ ಹೋಗಿ ಕೆಳಗೆ ಬಂದರೆ ನೈನಿತಾಲ್ ಏನೂ ಅಲ್ಲ."

ಹೀಗೆ ಒಂದು ಭಾನುವಾರ ವಸಂತನ ಕಾರಿನಲ್ಲಿ ಐದೂ ಜನ ಅಭ್ಯಾಸಕ್ಕೆ ಹೊರಟರು. ಜಲಜಾಕ್ಷಿ ಕೈಯಲ್ಲಿ ಲಿಂಬೆಹಣ್ಣು ಹಿಡಿದಿದ್ದಳು. ಮೊದಲ ತಿರುವಿನಲ್ಲಿ ಅದನ್ನು ಮೂಸಿದಳು, ಎರಡನೆಯದರಲ್ಲಿ ಕಚ್ಚಿದಳು, ಮೂರನೆಯದರಲ್ಲಿ ಕಾರು ನಿಲ್ಲಿಸಬೇಕಾಯಿತು. ಹೆಂಡತಿಯ ಬೆನ್ನು ನೀವಲು ಇಳಿದ ಸುಧಾಕರ ಕೆಳಗಿನ ಕಣಿವೆ ನೋಡಿ ತಾನೂ ಪಕ್ಕದಲ್ಲೇ ಬಾಗಿದ. ಮತ್ತೆರಡು ತಿರುವು ಕಳೆದ ಮೇಲೆ ವಸಂತ "ಇಲ್ಲಿ ಪ್ರಕೃತಿ ಬಹಳ ಚಂದ ಉಂಟು" ಎಂದು ಕಾರು ನಿಲ್ಲಿಸಿ ಬಂಡೆಯ ಹಿಂದೆ ಹೋದ. ಪ್ರಕೃತಿಯನ್ನು ಅವನು ಅಷ್ಟು ಬಗ್ಗಿ ಯಾಕೆ ನೋಡುತ್ತಾನೆಂದು ಯಾರೂ ಕೇಳಲಿಲ್ಲ. ಪ್ರಾಪ್ತಿ ಯಾರೊಂದಿಗೂ ಮಾತಿಲ್ಲದೆ ಮೊಬೈಲು ನೋಡುತ್ತಿದ್ದಳು. ದಮಯಂತಿಯೊಬ್ಬಳು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಬ್ಬಾ, ಎಷ್ಟು ಚಂದ!" ಎನ್ನುತ್ತ ಚರುಮುರಿ ತಿನ್ನುತ್ತಿದ್ದಳು.

ಕೆಳಗೆ ಬಂದು ಕಕ್ಕಿಂಜೆಯಲ್ಲಿ ಸೋಡಾ ಕುಡಿಯುವಾಗ ಸುಧಾಕರ ಕೇಳಿದ, "ಹೇಗಾಯಿತು?"

"ಬಹಳ ಖುಷಿ ಆಯಿತು," ಎಂದಳು ಜಲಜಾಕ್ಷಿ, ಗೋಡೆಗೆ ಒರಗಿಕೊಂಡು.

"ಇದೆಲ್ಲ ಏನು ಭಾವ, ಊಟಿ ನೋಡಿದವನಿಗೆ!" ಎಂದ ವಸಂತ, ಕಣ್ಣು ಮುಚ್ಚಿಕೊಂಡು.

ಇಷ್ಟು ಕಷ್ಟಪಟ್ಟೂ ಹೋಗಬೇಕೆನ್ನುವ ಹೆಂಡತಿಯ ಆಸೆ ಎಷ್ಟು ದೊಡ್ಡದಿರಬೇಡ ಎಂದು ಸುಧಾಕರನ ಕಣ್ಣಲ್ಲಿ ನೀರು ಬಂತು. ಆ ಆಸೆಯನ್ನು ತಾನಾಗಿ ಮುರಿಯಲು ಅವನಿಂದ ಸಾಧ್ಯವಿರಲಿಲ್ಲ. ಬೇರೆ ಯಾರಾದರೂ ಮುರಿದುಕೊಟ್ಟರೆ ಮಾತ್ರ ಬಚಾವು.

ಅಂಥವರು ಒಬ್ಬರಿದ್ದರು. ಕಳೆದ ದನ ಸಿಗಬೇಕಾದರೆ, ಕಾಣೆಯಾದ ಉಂಗುರ ಸಿಗಬೇಕಾದರೆ, ಬೇಡದ ತೊಂದರೆ ತೊಲಗಬೇಕಾದರೆ ಊರವರೆಲ್ಲ ಮೊದಲು ನೆನೆಯುವುದು ನಮ್ಮ ಕಡೆಯ ದೈವ ಕೊರಗಜ್ಜನನ್ನು. ಒಂದು ಚಕ್ಕುಲಿ ಕಟ್ಟೋ, ಎಲೆ ಅಡಿಕೆಯೋ, ಒಂದು ಕುಪ್ಪಿ ಕಳ್ಳೋ ಕೊಡುತ್ತೇನೆಂದು ಮನಸ್ಸಿಟ್ಟು ಹೇಳಿದರೆ ಅಜ್ಜ ನಡೆಸಿಕೊಡುತ್ತಾನೆ. ಜಂಕ್ಷನ್ನಿನಿಂದ ಸ್ವಲ್ಪ ಒಳಗೆ ಅಜ್ಜನ ಕಟ್ಟೆ. ಅದನ್ನು ನೋಡಿಕೊಳ್ಳುವವನು ಚಿನ್ನಯ್ಯ. ಹರಕೆ ಹೇಳುವವರ ಪರವಾಗಿ ಅಜ್ಜನಿಗೆ ಅರಿಕೆ ಮಾಡುವವನೂ ಅವನೇ. ಒಬ್ಬರ ಹರಕೆಯನ್ನು ಇನ್ನೊಬ್ಬರಿಗೆ ಹೇಳಿದವನಲ್ಲ.

ಸುಧಾಕರ ಅತ್ತಿತ್ತ ನೋಡಿ ಕಟ್ಟೆಯ ಮುಂದೆ ನಿಂತು ಪಿಸುಗುಟ್ಟಿದ: "ಅಜ್ಜ, ಹೇಗಾದರೂ ಮಾಡಿ ಈ ನೈನಿತಾಲ್ ತಪ್ಪಿಸು. ಆದರೆ ತಪ್ಪಿಸಿದ್ದು ನಾನು ಅಂತ ಜಲಜಾಕ್ಷಿಗೆ ಗೊತ್ತಾಗಬಾರದು."

ಮರದ ಮೇಲಿದ್ದ ಕೊಕ್ಕರೆಗಳು ಹಾರಿಹೋದವು.

"ಸ್ವಲ್ಪ ಮೆಲ್ಲ ಹೇಳಿ ಅಣ್ಣ," ಎಂದ ಚಿನ್ನಯ್ಯ. "ಅಜ್ಜನಿಗೆ ಕಿವಿ ಕೇಳ್ತದೆ." ಆಮೇಲೆ, "ಹಾಗಾದರೆ ನೀವು ಕೂಡಾ..." ಎಂದು ಏನೋ ಹೇಳಹೊರಟು, ಜೋರಾಗಿ ಕೆಮ್ಮಿ, ಸುಮ್ಮನಾದ. ಅವನಿಗೆ ಶೀತವಾಗಿದೆ ಎಂದುಕೊಂಡು ಸುಧಾಕರ ಮನೆಗೆ ಬಂದ.

ಒಂದು ವಾರ ಕಳೆಯುವಷ್ಟರಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ ಖಲೀಲನ ಫೋನು ಬಂತು. ಸುಧಾಕರನ ಮೊಬೈಲಿನ ದನಿಯೂ ಅವನ ಹಾಗೆಯೇ ದೊಡ್ಡದು. ಎಲ್ಲರಿಗೂ ಕೇಳಿತು.

"ಸುಧಾಕರಣ್ಣ, ಹೇಗೆ ಹೇಳುವುದು ಅಂತ ಗೊತ್ತಾಗುವುದಿಲ್ಲ. ಜನ ಸಾಕಾಗಲಿಲ್ಲ. ಉಡುಪಿಯವರದ್ದೊಂದು ಕುಟುಂಬ ಬರ್ತೇವೆ ಅಂದವರು ಕೈ ಬಿಟ್ಟರು. ಟೂರು ಕ್ಯಾನ್ಸಲ್. ನಿಮ್ಮ ಹಣ ನಾಳೆಯೇ ವಾಪಸ್ ಹಾಕ್ತೇನೆ. ನೀವು ಬೇಜಾರು ಮಾಡಬಾರದು."

ಸುಧಾಕರನಿಗೆ ಎದ್ದು ಕುಣಿಯಬೇಕೆನಿಸಿತು. ಕುಣಿಯುವ ಬದಲು ಅವನು ಹಣೆಗೆ ಕೈ ಹಚ್ಚಿ, "ಛೇ! ನಮ್ಮ ಹಣೆಯಲ್ಲಿ ಬರೆದಿಲ್ಲ," ಎಂದ.

"ಅಯ್ಯೋ ದೇವರೇ," ಎಂದು ಜಲಜಾಕ್ಷಿ ಸೆರಗಿನಿಂದ ಕಣ್ಣೊರೆಸಿದಳು. ಸೆರಗು ಒಣಗಿಯೇ ಇತ್ತು. "ನಿಮಗೆ ಎಷ್ಟು ಆಸೆ ಇತ್ತು."

"ನನಗಿರಲಿ, ನಿನಗೆ!"

"ನನ್ನ ಫ್ರೆಂಡ್ಸಿಗೆಲ್ಲ ಹೇಳಿದ್ದೆ ಅಪ್ಪ," ಎಂದು ಪ್ರಾಪ್ತಿಯೂ ಮುಖ ಸಣ್ಣದು ಮಾಡಿದಳು. ಆಮೇಲೆ ಮೂವರೂ ಆ ದುಃಖದಲ್ಲಿ ಎರಡೆರಡು ಸಲ ಅನ್ನ ಬಡಿಸಿಕೊಂಡರು. ಜಲಜಾಕ್ಷಿ ಸಂಜೆಗೆಂದು ಇಟ್ಟ ಬಂಗುಡೆಯನ್ನೂ ಆಗಲೇ ಹುರಿದಳು. ಮೀನು ಹುರಿದು ಶೋಕ ಆಚರಿಸಿದ ಮನೆ ಊರಲ್ಲಿ ಅದೊಂದೇ ಇರಬೇಕು.

ಹರಕೆಯನ್ನು ಬಾಕಿ ಇಡಬಾರದು. ಮುಂದಿನ ಭಾನುವಾರ ಬೆಳಿಗ್ಗೆ ಸುಧಾಕರ, ಗಿರಣಿಯ ಬೆಲ್ಟು ತರಲು ಬಂಟ್ವಾಳಕ್ಕೆ ಹೋಗುತ್ತೇನೆಂದು ಹೇಳಿ ಹೊರಟ. ಅದಕ್ಕಿಂತ ಮೊದಲೇ ಪ್ರಾಪ್ತಿ, ವಾಲಿಬಾಲ್ ಪ್ರಾಕ್ಟೀಸ್ ಇದೆಯೆಂದು ಹೋಗಿದ್ದಳು. "ನಾನೂ ದಮಯಂತಿಯ ಮನೆಗೆ ಒಮ್ಮೆ ಹೋಗಿ ಬರ್ತೇನೆ," ಎಂದಳು ಜಲಜಾಕ್ಷಿ. ಒಳ್ಳೆಯದಾಯಿತು ಎಂದುಕೊಂಡ ಸುಧಾಕರ. ಜಂಕ್ಷನ್ನಿನಲ್ಲಿ ಚಕ್ಕುಲಿ ಕೇಳಿದರೆ ಅಂಗಡಿಯ ಮೂಸಾ, "ಇವತ್ತು ಚಕ್ಕುಲಿಗೆ ಏನು ವಿಶೇಷ? ಇದು ಕೊನೆಯ ಕಟ್ಟು," ಎಂದ. ಸುಧಾಕರ ಒಂದಿಷ್ಟು ಹೊತ್ತು ಜಂಕ್ಷನ್ನಿನಲ್ಲಿ ಸುತ್ತಾಡಿ, ಬಂಟ್ವಾಳದ ಬಸ್ಸು ಹೋದ ಮೇಲೆ ಮೆಲ್ಲ ಒಳದಾರಿ ಹಿಡಿದ.

ಕಟ್ಟೆಯ ಬಳಿ ಪ್ರಾಪ್ತಿ ನಿಂತಿದ್ದಳು. ಕೈಯಲ್ಲಿ ಚಕ್ಕುಲಿ.

"ನೀನು ಇಲ್ಲಿ?"

"ಅಪ್ಪ, ನೀವು ಇಲ್ಲಿ?"

ಇಬ್ಬರೂ ಉತ್ತರ ಹುಡುಕುವಾಗ ಮರದ ಮರೆಯಿಂದ ಒಂದು ಪರಿಚಿತ ಕೊಡೆ ಹೊರಗೆ ಬಂತು. ಕೊಡೆಯ ಕೆಳಗೆ ಜಲಜಾಕ್ಷಿ, ಅವಳ ಕೈಯಲ್ಲಿ ಇನ್ನೊಂದು ಚಕ್ಕುಲಿ ಕಟ್ಟು.

"ಕಕ್ಕಿಂಜೆಗೆ ಹೋಗುವ ದಾರಿ ಇದಲ್ಲವಲ್ಲ?" ಎಂದ ಸುಧಾಕರ.

"ಬಂಟ್ವಾಳಕ್ಕೂ ಇದಲ್ಲ," ಎಂದಳು ಜಲಜಾಕ್ಷಿ.

ಅಷ್ಟರಲ್ಲಿ ಒಂದು ಕಾರು ಬಂದು ನಿಂತಿತು. ವಸಂತ ಇಳಿದ. ಅವರನ್ನು ಕಂಡದ್ದೇ ಕೈಯಲ್ಲಿದ್ದ ಕಟ್ಟನ್ನು ಬೆನ್ನ ಹಿಂದೆ ಹಿಡಿದ. ಆದರೆ ಬೆನ್ನ ಹಿಂದೆ ದಮಯಂತಿ ಇದ್ದಳು. "ಇದೇನು ಚಕ್ಕುಲಿ? ನನಗೆ ಅಕ್ಕನ ಮನೆಗೆ ಹೋಗುವ ಅಂತ ಹೇಳಿ ಕರೆದುಕೊಂಡು ಬಂದದ್ದಲ್ಲವಾ?"

ಕಟ್ಟೆಯ ಬಳಿ ನಿಂತಿದ್ದ ಚಿನ್ನಯ್ಯನನ್ನು ಸುಧಾಕರ, ಹೇಳಬೇಡ ಎಂದು ಕಣ್ಣಿನಲ್ಲೇ ಬೇಡಿಕೊಂಡ. ಜಲಜಾಕ್ಷಿಯೂ ಬೇಡಿಕೊಂಡಳು. ವಸಂತ ಎರಡು ಕೈಯನ್ನೂ ಮುಗಿದ.

ಚಿನ್ನಯ್ಯ ಎಲ್ಲರ ಮುಖ ನೋಡಿದ. ತಾನು ಒಬ್ಬರ ಹರಕೆ ಇನ್ನೊಬ್ಬರಿಗೆ ಹೇಳುವವನಲ್ಲ. ಆದರೆ ಎಲ್ಲರದ್ದೂ ಒಂದೇ ಆದರೆ ಅದು ಇನ್ನೊಬ್ಬರದ್ದು ಹೇಗಾಗುತ್ತದೆ? ಚಕ್ಕುಲಿಯ ನಾಲ್ಕು ಕಟ್ಟನ್ನೂ ಕಟ್ಟೆಯ ಮೇಲೆ ಸಾಲಾಗಿ ಇರಿಸಿ ಹೇಳಿದ, "ಬೇರೆ ಬೇರೆ ಹೇಳಿದರೆ ಅಜ್ಜನಿಗೂ ಬೇಸರ, ನನಗೂ ಗಂಟಲು ನೋವು. ಒಟ್ಟಿಗೇ ಒಪ್ಪಿಸಿಬಿಡ್ತೇನೆ." ಆಮೇಲೆ ಕೈಮುಗಿದು ಸ್ಪಷ್ಟವಾಗಿ ಹೇಳಿದ: "ಅಜ್ಜ, ಈ ನಾಲ್ಕು ಮಂದಿ ನೈನಿತಾಲ್ ತಪ್ಪಿಸಿಕೊಡಬೇಕು ಅಂತ ಹೇಳಿದ್ದರು. ನೀನು ತಪ್ಪಿಸಿಕೊಟ್ಟಿದ್ದಿ. ಸಂತೋಷದಲ್ಲಿ ತಂದ ಹರಕೆ, ಸ್ವೀಕರಿಸು."

ಸುಧಾಕರ ಕಣ್ಣು ಬಿಟ್ಟು ಹೆಂಡತಿಯನ್ನು ನೋಡಿದ. "ನೀನೂ?"

"ನನಗೆ ಚಾರ್ಮಾಡಿಯ ಮೂರನೇ ತಿರುವೇ ದಾಟಲಿಕ್ಕೆ ಆಗುವುದಿಲ್ಲ, ನೈನಿತಾಲ್ ಎಲ್ಲಿಂದ! ನಿಮ್ಮ ಆಸೆ ಅಲ್ಲವಾ ಅಂತ ಸುಮ್ಮನಿದ್ದೆ. ದಿನಾ ಆ ಕ್ಯಾಲೆಂಡರ್ ನೋಡಿಕೊಂಡು ನಿಲ್ಲುತ್ತಿದ್ದಿರಲ್ಲ?"

"ಅದರ ಹಿಂದೆ ಒಂದು ಹಲ್ಲಿ ಉಂಟು ಮಾರಾಯ್ತಿ! ಹಿಟ್ಟಿಗೆ ಬಿದ್ದರೆ ಅಂತ ನೋಡುತ್ತಿದ್ದದ್ದು!"

ಜಲಜಾಕ್ಷಿ ಒಂದು ಕ್ಷಣ ಗಂಡನ ಮುಖ ನೋಡಿದಳು. ಆಮೇಲೆ ನಗಲು ಶುರುಮಾಡಿದಳು. ಕೊಡೆ ಕೈಯಿಂದ ಬಿತ್ತು, ಕಟ್ಟೆಯ ಮೆಟ್ಟಿಲಲ್ಲಿ ಕುಳಿತು ನಕ್ಕಳು. ಸುಧಾಕರನೂ ನಕ್ಕ. ಒಂದು ತಿಂಗಳಿಂದ ಎದೆಯ ಮೇಲೆ ಕುಳಿತಿದ್ದ ವಿಮಾನ ಕೆಳಗಿಳಿದು ಹೋಯಿತು. ಅಷ್ಟು ಹಗುರವಾಗಿ ಅವನು ಮದುವೆಯ ದಿನವೂ ಇರಲಿಲ್ಲ. ಪ್ರಾಪ್ತಿ, ಟೂರಿನ ದಿನವೇ ತನ್ನ ವಾಲಿಬಾಲ್ ಪಂದ್ಯ ಬಿದ್ದಿತ್ತೆಂದು ಹೇಳಿದಳು. ವಸಂತ ನೆಲ ನೋಡುತ್ತ, "ಊಟಿಯಲ್ಲಿ ನಾನು ನೋಡಿದ್ದು ರೂಮಿನ ಬಾತ್‌ರೂಮು ಮಾತ್ರ ಭಾವ. ಹೋಗುವ ತಿರುವಿಗೇ ನನ್ನ ಕಥೆ ಮುಗಿದಿತ್ತು. ಫೋಟೋ ಎಲ್ಲ ಇವಳು ತೆಗೆದದ್ದು," ಎಂದ.

ಎಲ್ಲರೂ ದಮಯಂತಿಯ ಕಡೆ ತಿರುಗಿದರು. ಅವಳು ನಗುತ್ತಿರಲಿಲ್ಲ.

"ನಾನು ಯಾವ ಹರಕೆಯೂ ಹೇಳಿಲ್ಲ," ಎಂದಳು. "ನನಗೆ ನಿಜವಾಗಿಯೂ ಹೋಗಬೇಕಿತ್ತು. ಆ ಕೆರೆ ನೋಡಬೇಕಿತ್ತು. ಚಳಿಗೆ ಅಂಗಿ ಕೂಡ ತಂದಿಟ್ಟಿದ್ದೆ."

ನಗು ನಿಂತಿತು. ಅಜ್ಜನ ಮುಂದೆ ನಾಲ್ಕು ಜನ ತಪ್ಪಿತಸ್ಥರಂತೆ ನಿಂತರು. ಸುಧಾಕರನಿಗೆ ನಾಚಿಕೆಯಾಯಿತು. ಚಾರ್ಮಾಡಿಯ ಕಿಟಕಿಯಿಂದ ತಲೆ ಹೊರಗೆ ಹಾಕಿ ಚಂದ ಚಂದ ಎಂದವಳು ಇವಳೊಬ್ಬಳೇ ಆಗಿದ್ದಳು. ಇವಳನ್ನು ಯಾರೂ ಕೇಳಿರಲಿಲ್ಲ.

ಆಗ ಸುಧಾಕರನ ಮೊಬೈಲು ಕೂಗಿತು.

"ಸುಧಾಕರಣ್ಣ, ಖಲೀಲ್ ಮಾತಾಡುವುದು. ಒಂದು ಒಳ್ಳೆಯ ಸುದ್ದಿ. ಅದೇ ನೈನಿತಾಲಿಗೆ..."

"ಬೇಡ!" ಎಂದ ಸುಧಾಕರ. ಕೊಕ್ಕರೆಗಳು ಮತ್ತೆ ಹಾರಿದವು.

"ಪೂರ್ತಿ ಕೇಳಿ ಮಾರಾಯರೇ. ಟೀಚರುಗಳದ್ದು, ಹೆಂಗಸರದ್ದೇ ಒಂದು ಬ್ಯಾಚು ಹೊರಟಿದೆ. ಅದರಲ್ಲಿ ಒಂದೇ ಒಂದು ಸೀಟು ಉಂಟು. ನಿಮ್ಮ ಮನೆಯಿಂದ ಯಾರಾದರೂ..."

"ಬೇಕು!" ಎಂದು ದಮಯಂತಿ ಮೊಬೈಲನ್ನು ಭಾವನ ಕೈಯಿಂದ ಕಸಿದಳು. ಆ ದನಿಯ ಮುಂದೆ ಗಿರಣಿ ಏನೂ ಅಲ್ಲ.

ವಸಂತ ಬಾಯಿ ತೆರೆದ. ಜಲಜಾಕ್ಷಿ ಅವನನ್ನು ನೋಡಿದ ರೀತಿಗೆ ಮತ್ತೆ ಮುಚ್ಚಿಕೊಂಡ. "ಹೋಗಿ ಬರಲಿ," ಎಂದ. "ಊಟದ್ದು ನಾನು ನೋಡಿಕೊಳ್ತೇನೆ."

ಹೀಗೆ ಶರತ್ಕಾಲದಲ್ಲಿ ನಮ್ಮ ಕಡೆಯಿಂದ ನೈನಿತಾಲಿಗೆ ಹೋದವಳು ದಮಯಂತಿ ಒಬ್ಬಳೇ. ಹೋಗಿ, ದೋಣಿಯಲ್ಲಿ ಕುಳಿತು, ಹಳದಿ ಎಲೆಯೊಂದನ್ನು ಪರ್ಸಿನಲ್ಲಿಟ್ಟುಕೊಂಡು ಬಂದಳು. ಹೊಸ ಅಕ್ಕಿ ಊಟಕ್ಕೆ ಎಲ್ಲರೂ ಸುಧಾಕರನ ಮನೆಯಲ್ಲಿ ಸೇರಿದಾಗ, ಒಬ್ಬೊಬ್ಬರ ಎಲೆಯ ಮುಂದೂ ಫೋಟೋ ತೋರಿಸಿದಳು. ಯಾರಿಗೂ ಬೇಸರವಾಗಲಿಲ್ಲ. ತಿರುವಿಲ್ಲದೆ, ವಿಮಾನವಿಲ್ಲದೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ನೋಡುವಾಗ ಆ ಸರೋವರ ನಿಜಕ್ಕೂ ಚಂದವಿತ್ತು. ಮನ್ವಿತನ ಫ್ಲೆಕ್ಸು ಆ ಹೊತ್ತಿಗೆ ಸುಧಾಕರನ ಕಟ್ಟಿಗೆ ರಾಶಿಗೆ ಹೊದಿಕೆಯಾಗಿ, ಬಾಸಿಂಗ ಕಟ್ಟಿದ ತಲೆ ಕೆಳಗಾಗಿ ಹಿಮದಲ್ಲಿ ಮಲಗಿತ್ತು.

ಊಟವಾದ ಮೇಲೆ ಜಲಜಾಕ್ಷಿ ಜಗಲಿಯಲ್ಲಿ ಚಕ್ಕುಲಿಯ ತಟ್ಟೆ ಪಕ್ಕಕ್ಕಿಟ್ಟು ವೀಳ್ಯ ಮಡಿಸುತ್ತ ಕುಳಿತಳು. ಸುಧಾಕರ ಪಕ್ಕದಲ್ಲಿ ಕುಳಿತು, ಅತ್ತಿತ್ತ ನೋಡಿ, ಅವಳ ಕಿವಿಯ ಬಳಿ ಬಾಗಿದ. ಅವಳು ಮುಚ್ಚಿ ಬರಲು ಜಗಲಿಗೆ ಕಿಟಕಿಯೇ ಇರಲಿಲ್ಲ.

"ಕೆರೆ ಅಂತ ಆದ ಮೇಲೆ, ನಾವಿಬ್ಬರೇ ನಾಳೆ ಮೂಡುಬಿದಿರೆಗೆ ಹೋಗುವನಾ? ಕೆರೆಯ ದಂಡೆಯಲ್ಲಿ ಸ್ವಲ್ಪ ಹೊತ್ತು ಕೂತು ಬರುವ."

ಜಲಜಾಕ್ಷಿಯ ಮುಖ ಕೆಂಪಾಯಿತು. "ಹೋಗುವ," ಎಂದಳು. ಈ ಸಲ ಅದು ಯಾರ ಮರ್ಯಾದೆಗೂ ಹೇಳಿದ ಮಾತಾಗಿರಲಿಲ್ಲ.

ಬೇಲಿಯ ಆಚೆ ರಸ್ತೆಯಿಂದ ಶೇಷಪ್ಪನವರ ದನಿ ಬಂತು. "ಸುಧಾಕರ! ಸದ್ರಿ ಪ್ರವಾಸ ಯಾವ ಬಸ್ಸಿಗೆ? ನಾವೂ ಬರುತ್ತೇವೆ!" ಆ ಬದಿಯಿಂದ ಮನ್ವಿತ್, "ಸುಧಾಕರಣ್ಣ, ಫ್ಲೆಕ್ಸ್ ಹೊಸತು ಬೇಕಾ, ಹಳೆಯದು ಆಗ್ತದಾ?" ಎಂದು ಕೇಳಿದ.

ಉತ್ತರ ಕೊಡಲು ಸುಧಾಕರ ಬಾಯಿ ತೆರೆದ. ಜಲಜಾಕ್ಷಿ ಆ ಬಾಯಿಗೆ ಒಂದು ಇಡೀ ಚಕ್ಕುಲಿ ತುರುಕಿದಳು.